ಹಲ್ಲಿನ ಲೆಕ್ಕ, ವೇಗದ ಲೆಕ್ಕ

ಬೀದಿಯಲ್ಲಿ ಓಡುವ ಮೋಟಾರ್ ಸೈಕಲ್ಲನ್ನು ರೇಸ್ ಟ್ರ್ಯಾಕಿಗೆ ಅಣಿಗೊಳಿಸುವ ಮೆಕ್ಯಾನಿಕ್ ಮೊದಲು ನೋಡುವುದು ಚೈನ್ ಕೂರುವ ಸ್ಪ್ರಾಕೆಟ್‌ಗಳ ಹಲ್ಲುಗಳನ್ನು. ಮುಂದಿನದಕ್ಕೆ 14, ಹಿಂದಿನದಕ್ಕೆ 42 ಹಲ್ಲುಗಳಿವೆ ಎನ್ನಿ. ಮುಂದಿನದು ಮೂರು ಸುತ್ತು ತಿರುಗಿದರೆ ಹಿಂಚಕ್ರ ಒಂದು ಸುತ್ತು ತಿರುಗುತ್ತದೆ. ಹಿಂದೆ 45 ಹಲ್ಲಿನದನ್ನು ಹಾಕಿದರೆ ಚಕ್ರಕ್ಕೆ ಸಿಗುವ ಬಲ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಗರಿಷ್ಠ ವೇಗ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಕೊಯಮತ್ತೂರಿನ ಸುಮಾರು 2.1 ಕಿ.ಮೀ.ಯ ಕರಿ ಟ್ರ್ಯಾಕಿನಂಥ ಚಿಕ್ಕ ಹಾದಿಗೆ ಇದು ಅನುಕೂಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನ 3.7 ಕಿ.ಮೀ. ಟ್ರ್ಯಾಕಿನಲ್ಲಿ ಹಲ್ಲು ಕಡಿಮೆ ಮಾಡಬೇಕಾದೀತು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು.

ಎಂಜಿನ್ನಿನ ಹೆಡ್ ತೇಯಿಸಿ ಸಂಪೀಡನ ಹೆಚ್ಚಿಸಿದರೆ ಶಕ್ತಿಯೇನೋ ಹೆಚ್ಚುತ್ತದೆ. ಜೊತೆಗೆ ಶಾಖವೂ ಏರಿ, ಸಾಮಾನ್ಯ ಪೆಟ್ರೋಲು ಕ್ರಮತಪ್ಪಿ ಉರಿದು ಪಿಸ್ಟನ್ ಕೆಡಬಹುದು.

ಇನ್ನೊಂದು ಲೆಕ್ಕವನ್ನು ಯಾವ ಮೆಕ್ಯಾನಿಕ್ಕೂ ಬದಲಿಸಲಾರ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ; ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ಅಷ್ಟೇ. ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ. ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳು ಅಡ್ಡ ಬರುತ್ತಾರೆ. ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯೂ ಒಪ್ಪುವುದಿಲ್ಲ.

ಗಾಡಿಯನ್ನು ‘ರೇಸಿಂಗ್’ ಮಾಡಿಸಿಕೊಡಿ ಎಂದು ಮಗ ಕೇಳಿದರೆ ಬೈಯುವುದು ಬೇಡ. ಈ ಎರಡು ಲೆಕ್ಕಗಳನ್ನು ಅವನ ಕೈಯಲ್ಲೇ ಮಾಡಿಸಿ ನೋಡಿ.