ಯುದ್ಧದ ಒಂದು ಛಾಯಾಚಿತ್ರ ಮತ್ತು ಅದರ ದೃಶ್ಯಮಾದರಿ

ಯುದ್ಧದ ಛಾಯಾಚಿತ್ರಗಳನ್ನು ನಾವೆಲ್ಲರೂ ಪಠ್ಯಪುಸ್ತಕಗಳಲ್ಲಿ ಕಂಡಿದ್ದೇವೆ. ಪುಟ ತಿರುಗಿಸುವಾಗ ಅವುಗಳ ಮೇಲೆ ನಮ್ಮ ಕಣ್ಣು ನಿಲ್ಲುವುದು ಕ್ಷಣಮಾತ್ರ. ಆದರೆ ಅಂತಹ ಒಂದೇ ಚಿತ್ರದ ಮುಂದೆ ತಿಂಗಳುಗಟ್ಟಲೆ ಕುಳಿತು, ಅದರಲ್ಲಿರುವ ಟ್ಯಾಂಕು, ಬೀದಿ, ಮುರಿದ ಗೋಡೆ ಎಲ್ಲವನ್ನೂ ಅಳೆದು, ಸಣ್ಣ ಪ್ರಮಾಣದಲ್ಲಿ ಕೈಯಾರೆ ಕಟ್ಟುವ ಹವ್ಯಾಸವೊಂದುಂಟು. ಹೀಗೆ ಕಟ್ಟಿದ ದೃಶ್ಯಮಾದರಿಗೆ ಡಯೋರಾಮ ಎಂದು ಹೆಸರು. ನವರಾತ್ರಿಯಲ್ಲಿ ಬೊಂಬೆಗಳ ನಡುವೆ ರಾಗಿಯ ಪೈರು ಬೆಳೆಸಿ, ಕನ್ನಡಿಯಿಂದ ಕೆರೆ ಮಾಡಿ, ಪುಟ್ಟ ಊರೊಂದನ್ನು ಕೂರಿಸುವುದನ್ನು ನೋಡಿದವರಿಗೆ ಇದರ ಕಲ್ಪನೆ ಸುಲಭವಾಗಿ ಬರುತ್ತದೆ. ವ್ಯತ್ಯಾಸವಿಷ್ಟೆ: ಬೊಂಬೆಗಳ ಊರಿನಲ್ಲಿ ಕೆರೆ ಎಲ್ಲಿದ್ದರೂ ನಡೆಯುತ್ತದೆ; ಇಲ್ಲಿ ಪ್ರತಿಯೊಂದೂ ಇದ್ದಲ್ಲಿಯೇ ಇರಬೇಕು.

ಡಯೋರಾಮ ಎಂಬ ಹೆಸರಿಗೂ ಛಾಯಾಚಿತ್ರಕ್ಕೂ ಹಳೆಯ ನಂಟಿದೆ. ೧೮೨೨ರಲ್ಲಿ ಪ್ಯಾರಿಸ್ ನಗರದಲ್ಲಿ ದಗೇರ್ ಎಂಬಾತನು ತನ್ನ ಜೊತೆಗಾರನೊಡನೆ ಒಂದು ಪ್ರದರ್ಶನ ಮಂದಿರವನ್ನು ತೆರೆದನು. ಅಲ್ಲಿ ದೊಡ್ಡ ಚಿತ್ರಪಟಗಳ ಮೇಲೆ ಬೆಳಕನ್ನು ಬದಲಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು. ಅದಕ್ಕೆ ಇಟ್ಟ ಹೆಸರೇ ಡಯೋರಾಮ. ಅದೇ ದಗೇರನ ಛಾಯಾಗ್ರಹಣ ವಿಧಾನ ೧೮೩೯ರಲ್ಲಿ ಲೋಕಕ್ಕೆ ತಿಳಿಯಿತು. ಎರಡೂ ಒಂದೇ ಮನೆಯ ಮಕ್ಕಳೆನ್ನಬಹುದು.

ಈ ಕೆಲಸದಲ್ಲಿ ಮೊದಲು ನಿಶ್ಚಯಿಸಬೇಕಾದುದು ಪ್ರಮಾಣ. ಸೈನ್ಯದ ವಾಹನಗಳಿಗೆ ಲೋಕದಲ್ಲೆಲ್ಲ ಹೆಚ್ಚಾಗಿ ಬಳಕೆಯಲ್ಲಿರುವುದು ೧:೩೫, ಎಂದರೆ ನಿಜವಾದ ೩೫ ಅಂಗುಲ ಇಲ್ಲಿ ೧ ಅಂಗುಲ. ಇದು ಬಂದ ಬಗೆ ಸ್ವಾರಸ್ಯವಾಗಿದೆ. ೧೯೬೦ರ ದಶಕದ ಆರಂಭದಲ್ಲಿ ಜಪಾನಿನ ತಮಿಯ ಕಂಪೆನಿಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮಾರುಕಟ್ಟೆಗೆ ತಂದರು. ಅದನ್ನು ಓಡಿಸುವ ಬ್ಯಾಟರಿಗಳು ಒಳಗೆ ಹಿಡಿಸುವಂತೆ ಅದರ ಗಾತ್ರವನ್ನು ಗೊತ್ತುಮಾಡಿದ್ದರು. ಅಳೆದಾಗ ಅದು ಸುಮಾರು ಮೂವತ್ತೈದನೆಯ ಒಂದು ಪಾಲು ಬಂದಿತು, ಅದೇ ರೂಢಿಯಾಯಿತು! ಈ ಪ್ರಮಾಣದಲ್ಲಿ ೧೭೫ ಸೆಂಟಿಮೀಟರ್ ಎತ್ತರದ ಮನುಷ್ಯನು ೫ ಸೆಂಟಿಮೀಟರ್ ಆಗುತ್ತಾನೆ.

ಇನ್ನು ಉದಾಹರಣೆಗೆ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ೧೯೪೫ರ ಮಾರ್ಚ್ ೬ರಂದು ಅಮೆರಿಕದ ಸೈನ್ಯವು ಜರ್ಮನಿಯ ಕೊಲೋನ್ ನಗರದ ನಡುಭಾಗವನ್ನು ಹೊಕ್ಕಿತು. ಅಲ್ಲಿಯ ಮಹಾ ಇಗರ್ಜಿಯ ಸಮೀಪದಲ್ಲಿ ಒಂದು ಪ್ಯಾಂಥರ್ ಟ್ಯಾಂಕು ಕಾದು ನಿಂತಿತ್ತು. ಅದರ ಗುಂಡು ಬಡಿದು ಅಮೆರಿಕದ ಶರ್ಮನ್ ಟ್ಯಾಂಕೊಂದರ ನಾಯಕನು ಮಡಿದನು. ಆಗ ಪಕ್ಕದ ಬೀದಿಯಿಂದ ಪರ್ಷಿಂಗ್ ಎಂಬ ಹೊಸ ಬಗೆಯ ಟ್ಯಾಂಕು ಮುಂದೆ ಬಂದು, ಪ್ಯಾಂಥರಿನ ಪಕ್ಕೆಗೆ ಮೂರು ಗುಂಡುಗಳನ್ನು ಹೊಡೆಯಿತು. ಪ್ಯಾಂಥರ್ ಹೊತ್ತಿ ಉರಿಯಿತು. ಇದನ್ನೆಲ್ಲ ಸೈನ್ಯದ ಛಾಯಾಗ್ರಾಹಕ ಜಿಮ್ ಬೇಟ್ಸ್ ಚಲಚ್ಚಿತ್ರವಾಗಿ ಸೆರೆಹಿಡಿದನು. ಇಗರ್ಜಿಯ ಮುಂದೆ ಸುಟ್ಟು ನಿಂತ ಆ ಟ್ಯಾಂಕಿನ ಚಿತ್ರಗಳನ್ನು ನೋಡಿ ಮಾದರಿ ಕಟ್ಟಿದವರು ಅನೇಕರು.

ಚಿತ್ರದಿಂದ ಅಳತೆ ತೆಗೆಯುವುದು ಹೇಗೆ? ಅದರಲ್ಲಿ ನಮಗೆ ಗೊತ್ತಿರುವ ಅಳತೆಯ ವಸ್ತು ಒಂದಾದರೂ ಇರಬೇಕು. ಪ್ಯಾಂಥರಿನ ಗಾಲಿಯ ವ್ಯಾಸ ೮೬೦ ಮಿಲಿಮೀಟರ್. ಮುದ್ರಿತ ಚಿತ್ರದಲ್ಲಿ ಆ ಗಾಲಿ ೧೨ ಮಿಲಿಮೀಟರ್ ಎತ್ತರವಾಗಿಯೂ, ಅದರ ಮಗ್ಗುಲಲ್ಲೇ ಇರುವ ಕಾಲುದಾರಿಯ ಅಂಚುಗಲ್ಲು ೨ ಮಿಲಿಮೀಟರ್ ಎತ್ತರವಾಗಿಯೂ ಕಂಡಿತೆನ್ನೋಣ. ಆಗ ಕಲ್ಲು ಗಾಲಿಯ ಆರನೆಯ ಒಂದು ಪಾಲು, ಎಂದರೆ ಸುಮಾರು ೧೪೩ ಮಿಲಿಮೀಟರ್. ನಮ್ಮ ಮಾದರಿಯಲ್ಲಿ ೪ ಮಿಲಿಮೀಟರ್. ಆದರೆ ಎರಡು ಎಚ್ಚರಿಕೆಗಳುಂಟು. ಓರೆಯಾಗಿ ನಿಂತ ಟ್ಯಾಂಕಿನ ಗಾಲಿಯು ಅಡ್ಡಗಲದಲ್ಲಿ ಕುಗ್ಗಿ ಕಾಣುವುದರಿಂದ ಅದನ್ನು ನೆಟ್ಟಗೆ ಮೇಲಿನಿಂದ ಕೆಳಕ್ಕೇ ಅಳೆಯಬೇಕು. ಅಲ್ಲದೆ, ಎರಡರಷ್ಟು ದೂರದಲ್ಲಿರುವ ವಸ್ತು ಅರ್ಧವಾಗಿ ಕಾಣುವುದರಿಂದ, ಗಾಲಿಯಷ್ಟೇ ದೂರದಲ್ಲಿರುವ ವಸ್ತುಗಳಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ.

ಎರಡನೆಯ ಪ್ರಶ್ನೆ, ಯಾವುದನ್ನು ಬಿಡಬೇಕೆಂಬುದು. ಫಿರಂಗಿಯೂ ಸೇರಿ ೮.೬೬ ಮೀಟರ್ ಉದ್ದದ ಪ್ಯಾಂಥರ್ ನಮ್ಮ ಮೇಜಿನ ಮೇಲೆ ಸುಮಾರು ೨೫ ಸೆಂಟಿಮೀಟರ್ ಆಗುತ್ತದೆ. ಆದರೆ ೧೨೪೮ರಲ್ಲಿ ಆರಂಭವಾಗಿ ೧೮೮೦ರಲ್ಲಿ ಮುಗಿದ ಆ ಇಗರ್ಜಿಯ ಎತ್ತರ ೧೫೭ ಮೀಟರ್! ಅದೇ ಪ್ರಮಾಣದಲ್ಲಿ ಕಟ್ಟಿದರೆ ನಾಲ್ಕೂವರೆ ಮೀಟರ್ ಆಗಿ, ನಮ್ಮ ತರಗತಿಯ ಸೂರನ್ನು ತೂರಿಕೊಂಡು ಹೋದೀತು. ಆದುದರಿಂದ ಕೆಲವರು ಇಗರ್ಜಿಯನ್ನು ೧:೩೫೦ರಷ್ಟು ಕಿರಿದಾಗಿಸಿ ಹಿಂದೆ ನಿಲ್ಲಿಸಿ ದೂರದ ಭ್ರಮೆಯನ್ನು ತರಬಹುದು. ಕೆಲವರು ಹಿಂಬದಿಗೆ ಚಿತ್ರಪಟವನ್ನು ಕಟ್ಟಬಹುದು. ಉಳಿದವರು ಬೀದಿಯನ್ನಷ್ಟೇ ಇಟ್ಟುಕೊಂಡು ತೃಪ್ತರಾಗಬಹುದು. ೪೦ ಸೆಂಟಿಮೀಟರ್ ಉದ್ದದ ಹಲಗೆಯ ಮೇಲೆ ೧೪ ಮೀಟರ್ ಬೀದಿಗೆ ಮಾತ್ರ ಸ್ಥಳವುಂಟು.

ಟ್ಯಾಂಕಿನ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಸಿಗುತ್ತವೆ. ಬಿದ್ದ ಗೋಡೆಯನ್ನು ಮಾತ್ರ ನಾವೇ ಕಟ್ಟಿ ಬೀಳಿಸಬೇಕು. ೧೯೪೨ರ ಮೇ ೩೦ರ ರಾತ್ರಿ ಸುಮಾರು ೧,೦೦೦ ವಿಮಾನಗಳು ಒಮ್ಮೆಗೇ ಮೇಲೆರಗಿದ ನಗರವದು. ಆಮೇಲೆಯೂ ಬಾಂಬುಗಳು ಬಿದ್ದವು. ಜರ್ಮನಿಯ ಹಳೆಯ ಅಳತೆಯ ಇಟ್ಟಿಗೆಯ ಉದ್ದ ೨೫ ಸೆಂಟಿಮೀಟರ್. ಮಾದರಿಯಲ್ಲಿ ೭ ಮಿಲಿಮೀಟರ್. ನಾನು ರಟ್ಟು, ಪ್ಲಾಸ್ಟರ್ ಆಫ್ ಪ್ಯಾರಿಸ್, ಜರಡಿ ಹಿಡಿದ ಮಣ್ಣು ಇವುಗಳಿಂದ ಇದನ್ನು ಮಾಡುತ್ತಿರುವಾಗ, ಗಾರೆ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿರುವ ನನ್ನ ತಂದೆಯವರು ನೋಡಿ, “ಗೋಡೆ ಬಿದ್ದರೆ ಇಟ್ಟಿಗೆ ಒಂದೇ ಬೀಳುತ್ತದೇನೋ? ತೊಲೆ, ಬಾಗಿಲ ಚೌಕಟ್ಟು, ಹೆಂಚು ಎಲ್ಲಾ ಬೀಳುತ್ತೆ. ದಪ್ಪ ಕಲ್ಲು ಉರುಳಿಕೊಂಡು ದೂರ ಹೋಗುತ್ತೆ, ಪುಡಿ ಬುಡದಲ್ಲೇ ನಿಲ್ಲುತ್ತೆ” ಎಂದರು. ಚಿತ್ರವನ್ನು ಮತ್ತೆ ನೋಡಿದರೆ ಅಲ್ಲಿ ಇದ್ದುದೂ ಹಾಗೆಯೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಆ ಚಿತ್ರದ ಗೋಡೆಯನ್ನು ಸರಿಯಾಗಿ ಓದಿದವರು ಕಾಲೇಜನ್ನು ಕಾಣದ ನನ್ನ ತಂದೆ.

ಮೂರನೆಯದು ಬಣ್ಣ. ಕಪ್ಪು ಬಿಳುಪಿನ ಚಿತ್ರವು ಬೆಳಕಿನ ತರತಮವನ್ನು ಹೇಳುತ್ತದೆಯೇ ಹೊರತು ಬಣ್ಣವನ್ನು ಹೇಳುವುದಿಲ್ಲ. ಹಸಿರೂ ಕಂದೂ ಅಲ್ಲಿ ಒಂದೇ ಬೂದಿಯಾಗಿ ಕಾಣಬಹುದು. ಇಲ್ಲಿ ದಾಖಲೆಗಳ ನೆರವು ಬೇಕು. ೧೯೪೩ರ ಫೆಬ್ರವರಿಯಿಂದ ಜರ್ಮನಿಯ ಟ್ಯಾಂಕುಗಳಿಗೆ ಮಾಸಲು ಹಳದಿಯ ಮೇಲೆ ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಬಳಿಯುವ ಆಜ್ಞೆಯಿತ್ತು. ಆದರೆ ಟ್ಯಾಂಕು ಸುಟ್ಟ ಮೇಲೆ ಬಣ್ಣ ಬೆಂದು ಏಳುತ್ತದೆ, ಗಾಲಿಯ ರಬ್ಬರು ಉರಿದುಹೋಗುತ್ತದೆ, ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಆದುದರಿಂದ ನಾವು ತೋರಿಸುವುದು ಯಾವ ಗಳಿಗೆ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಸೈನಿಕರು ಟ್ಯಾಂಕಿನಿಂದ ಹೊರಕ್ಕೆ ಹಾರುತ್ತಿರುವಾಗಲೇ ಗಾಲಿಗಳಿಗೆ ತುಕ್ಕು ಬಳಿದರೆ, ಎರಡು ದಿನಗಳನ್ನು ಒಂದೇ ಕ್ಷಣವೆಂದು ನಂಬಿಸಿದಂತಾಗುತ್ತದೆ.

ಇಲ್ಲಿಯವರೆಗೆ ಹೇಳಿದುದು ಅಳತೆಯ ಮಾತು. ಆದರೆ ಚಿತ್ರಕ್ಕೆ ಚೌಕಟ್ಟುಂಟು, ಚೌಕಟ್ಟಿಗೆ ಹೊರಗುಂಟು. ಅದೇ ದಿನ, ಆ ಟ್ಯಾಂಕು ನಿಂತ ಸ್ಥಳದಿಂದ ಸ್ವಲ್ಪ ದೂರದಲ್ಲಿ, ಒಂದು ಸಾಮಾನ್ಯ ಕಾರು ಎರಡೂ ಪಕ್ಷಗಳ ಗುಂಡಿನ ನಡುವೆ ಸಿಕ್ಕಿತು. ಅದರಲ್ಲಿದ್ದ ಒಬ್ಬ ತರುಣಿ ಸತ್ತಳು. ಆಕೆ ಸೈನಿಕಳಲ್ಲ, ನಗರದ ನಿವಾಸಿ. ಪರ್ಷಿಂಗ್ ಟ್ಯಾಂಕಿನಲ್ಲಿ ಫಿರಂಗಿ ಹಾರಿಸಿದ ಕ್ಲಾರೆನ್ಸ್ ಸ್ಮಾಯರ್, ಆ ದಿನದ ಚಲಚ್ಚಿತ್ರವನ್ನು ಮುಪ್ಪಿನಲ್ಲಿ ನೋಡಿದಾಗ, ಆಕೆಯ ಸಾವಿನ ನೆನಪಿನಿಂದ ಬಹಳ ನೊಂದರು. ೨೦೧೩ರಲ್ಲಿ ಅವರು ಕೊಲೋನಿಗೆ ಹೋಗಿ, ಅಂದು ಎದುರು ಪಕ್ಷದ ಟ್ಯಾಂಕಿನಲ್ಲಿದ್ದ ಜರ್ಮನ್ ಯೋಧನನ್ನು ಕಂಡರು. ಇಬ್ಬರು ವೃದ್ಧರೂ ಕೂಡಿ ಆಕೆಯ ಸಮಾಧಿಗೆ ಹೂವಿಟ್ಟರು.

ಈ ಕಾರನ್ನು ಮಾದರಿಯಲ್ಲಿ ಎಲ್ಲಿಡಬೇಕು? ಟ್ಯಾಂಕಿನ ಪಕ್ಕದಲ್ಲಿಟ್ಟರೆ ನೋಡುವವರ ಮನ ಕಲಕುವುದೇನೋ ನಿಜ. ಆದರೆ ಅದು ಅಲ್ಲಿರಲಿಲ್ಲ. ಇಲ್ಲದುದನ್ನು ಕರುಣೆಗಾಗಿ ಸೇರಿಸಿದರೂ ಅದು ಸುಳ್ಳೇ. ಬಿಟ್ಟುಬಿಟ್ಟರೋ, ಎರಡು ಯಂತ್ರಗಳ ಜಟ್ಟಿಕಾಳಗವಷ್ಟೇ ಉಳಿಯುತ್ತದೆ; ಅದು ಇನ್ನೊಂದು ಬಗೆಯ ಸುಳ್ಳು. ನನಗೆ ತೋರುವ ದಾರಿ ಇದು: ಹಲಗೆಯ ಮೇಲೆ ಚಿತ್ರದಲ್ಲಿರುವುದನ್ನು ಮಾತ್ರ ಇಡಬೇಕು, ಹಲಗೆಯ ಮುಂದೆ ಹಚ್ಚುವ ಫಲಕದಲ್ಲಿ ದಿನಾಂಕ, ಸ್ಥಳ, ಟ್ಯಾಂಕಿನ ಹೆಸರುಗಳೊಂದಿಗೆ, ಆ ದಿನ ಅಲ್ಲಿಂದ ಅನತಿ ದೂರದಲ್ಲಿ ಸತ್ತ ಆಕೆಯ ವಿಷಯವನ್ನೂ ಎರಡು ಸಾಲು ಬರೆಯಬೇಕು.

ಟ್ಯಾಂಕು ನೋಡಲು ಬಂದವರು ಆ ಎರಡು ಸಾಲುಗಳನ್ನು ಓದಿ, ಇನ್ನೊಮ್ಮೆ ಟ್ಯಾಂಕಿನ ಕಡೆಗೆ ತಿರುಗಿ ನೋಡಿದರೆ, ಮಾದರಿ ಕಟ್ಟಿದವನ ಶ್ರಮ ಸಾರ್ಥಕವೆನ್ನಬಹುದು.