ಹಳೆಯ ಮೋಟಾರುಗಳ ವಿಶೇಷೋಪಕರಣಗಳ ಲಕ್ಷಣನಿರ್ಣಯ

ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಗಳ ಗುಜರಿ ಅಂಗಡಿಗಳಲ್ಲಿ ಹಳೆಯ ಕಬ್ಬಿಣವು ತೂಕದ ಮೇಲೆ ವಿಕ್ರಯವಾಗುವುದು. ಅಲ್ಲಿಗೆ ಬಂದ ಅಪೂರ್ವವಾದ ಪಾನಾ, ಪುಲ್ಲರುಗಳು ಗುರುತಿಸುವವರಿಲ್ಲದೆ ಕುಲುಮೆಗೆ ಸೇರಿದರೆ, ಅವು ಯಾವ ಯಂತ್ರಕ್ಕಾಗಿ ಹುಟ್ಟಿದವೋ ಅದರ ಜೀರ್ಣೋದ್ಧಾರವೂ ಕಷ್ಟಸಾಧ್ಯವಾಗುವುದು. ಆದುದರಿಂದ ಆಂಗ್ಲದೇಶದ ಹಳೆಯ ಸ್ಪೋರ್ಟ್ಸ್ ಕಾರುಗಳ ಉಪಕರಣಗಳನ್ನು ನಿರ್ಣಯಿಸುವ ಕ್ರಮವನ್ನು ಸಂಕ್ಷೇಪವಾಗಿ ನಿರೂಪಿಸುವೆನು.

ಮೊದಲು ಅಂಕಿತವನ್ನು ನೋಡತಕ್ಕದ್ದು. ಪಾನಾದ ಮೇಲೆ ‘1/4 ಡಬ್ಲ್ಯು’ ಎಂದಿದ್ದರೆ ಅದು ಬಾಯಿಯ ಅಗಲವಲ್ಲ. ವಿಟ್‌ವರ್ತ್ ಪದ್ಧತಿಯ ಬೋಲ್ಟಿನ ಕಾಂಡದ ವ್ಯಾಸ. ಬಾಯಿಯ ಅಗಲವೋ 0.525 ಅಂಗುಲ, ಎಂದರೆ ಸುಮಾರು 13.3 ಮಿಲಿಮೀಟರು. ಇಂತಹ ನಟ್ಟಿಗೆ 13ರ ಪಾನಾ ಹಿಡಿಯದು. 14ರದು ಜಾರಿ ಮೂಲೆಗಳನ್ನು ಸವೆಯಿಸುವುದು. ‘ಎ.ಎಫ್.’ ಎಂಬ ಅಂಕಿತವಿದ್ದರೆ ಮಾತ್ರ ಸಂಖ್ಯೆಯು ಬಾಯಿಯ ಅಗಲವನ್ನೇ ಹೇಳುವುದು.

ಆದರೆ ಪಾನಾ ಕೂಡಿದ ಮಾತ್ರಕ್ಕೆ ತಿರುಪೂ ಅದೇ ಪದ್ಧತಿಯದೆಂದು ಊಹಿಸಲಾಗದು. ಆ ಹೇತುವು ವ್ಯಭಿಚಾರಿಯಾದುದು. 1945ರಿಂದ 1949ರ ವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರೇ ಇದಕ್ಕೆ ದೃಷ್ಟಾಂತ. ಅದರ ಎಂಜಿನ್ನಿನ ಬೋಲ್ಟುಗಳ ತಲೆ ವಿಟ್‌ವರ್ತ್ ಅಳತೆಯದು, ತಿರುಪು ಮೆಟ್ರಿಕ್ ಪದ್ಧತಿಯದು. ಫ್ರಾನ್ಸಿನ ಹಾಚ್‌ಕಿಸ್ ಸಂಸ್ಥೆಯು ಕವೆಂಟ್ರಿಯಲ್ಲಿ ಹೂಡಿದ್ದ ಕಾರ್ಖಾನೆಯನ್ನು 1923ರಲ್ಲಿ ಮಾರಿಸ್ ಕೊಂಡನು. ಯಂತ್ರಗಳೊಡನೆ ಮೆಟ್ರಿಕ್ ತಿರುಪೂ ಬಂದಿತು. ವಿಟ್‌ವರ್ತ್ ತಿರುಪಿನ ಕೋನ 55 ಅಂಶ, ಮೆಟ್ರಿಕ್ಕಿನದು 60. ಆದುದರಿಂದ ಟ್ಯಾಪು ಹಾಕುವ ಮೊದಲು ಗೇಜಿನಿಂದ ಪರೀಕ್ಷಿಸುವುದು ಅವಶ್ಯ. ಇಲ್ಲವಾದರೆ ಎಂಜಿನ್ನಿಗೇ ಹಾನಿ.

ಕಾರ್ಖಾನೆಯ ವಿಶೇಷೋಪಕರಣಗಳಿಗೆ ಕ್ರಮಾಂಕಗಳುಂಟು. ‘18 ಜಿ’ ಎಂದು ಆರಂಭವಾಗುವುದು 1952ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ವರ್ಗದ್ದು; ಇವುಗಳಲ್ಲಿ ಅನೇಕದ ಮೇಲೆ ತಯಾರಕನಾದ ಚರ್ಚಿಲ್ಲನ ಹೆಸರೂ ಇರುವುದು. ಕ್ರಮಾಂಕವನ್ನು ಆಯಾ ಕಾರಿನ ವರ್ಕ್‌ಷಾಪ್ ಮ್ಯಾನ್ಯುಅಲ್ಲಿನಲ್ಲಿ ಹುಡುಕಿದರೆ ಪ್ರಯೋಜನವು ತಿಳಿಯುವುದು.

ಅಂಕಿತವು ಅಳಿದಿದ್ದರೆ ಕೆಲಸ ಮಾಡುವ ತುದಿಯೇ ಪ್ರಮಾಣ. ತಂತಿಚಕ್ರಗಳ ಹಬ್ಬನ್ನು ಕೀಳುವ ಪುಲ್ಲರಿನಲ್ಲಿ ಎಡತಿರುಪು ಕಂಡರೆ ಅದನ್ನು ದೋಷವೆಂದು ಎಣಿಸಬಾರದು. ಚಲಿಸುವಾಗ ನಟ್ಟು ಸಡಿಲವಾಗದಿರಲೆಂದು ಈ ಕಾರುಗಳ ಬಲಬದಿಯ ಹಬ್ಬುಗಳಿಗೆ ಎಡತಿರುಪನ್ನೂ ಎಡಬದಿಯವುಗಳಿಗೆ ಬಲತಿರುಪನ್ನೂ ಇಟ್ಟಿರುವರು. ಹೀಗೆ ಒಂದೇ ರೂಪದ ಎರಡು ಪುಲ್ಲರುಗಳು ಪರಸ್ಪರ ಪೂರಕಗಳು. ಒಂದನ್ನು ಬಿಸುಟರೆ ಜೋಡಿ ಕೆಟ್ಟಿತು.

ತುಕ್ಕನ್ನು ಗ್ರೈಂಡರಿನಿಂದ ಉಜ್ಜಿದರೆ ಅಂಕಿತವೂ ಹೋಗುವುದು. ಸೀಮೆಎಣ್ಣೆಯಲ್ಲಿ ನೆನೆಯಿಸಿ ಹಿತ್ತಾಳೆಯ ಕುಂಚದಿಂದ ತಿಕ್ಕಿ, ಅಂಕಿತ, ಬಾಯಿ, ತಿರುಪು ಈ ಮೂರನ್ನೂ ಬರೆದ ಚೀಟಿಯನ್ನು ಉಪಕರಣಕ್ಕೆ ಕಟ್ಟುವುದು ಯುಕ್ತ. ಶಿಲಾಶಾಸನದ ಅಕ್ಷರಕ್ಕೆ ಸಲ್ಲುವ ಎಚ್ಚರವು ಉಕ್ಕಿನ ಅಕ್ಷರಕ್ಕೂ ಸಲ್ಲತಕ್ಕದ್ದು.