ಹಿತ್ತಲ ಕೋಳಿ, ಮನೆಯ ಮಗು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಎಮ್ಮೆ ಇಲ್ಲದ ಮನೆ ಸಿಗಬಹುದು, ಹೊಲ ಇಲ್ಲದ ಮನೆಯೂ ಸಿಗಬಹುದು. ಆದರೆ ಕೋಳಿ ಕೆದರದ ಓಣಿ ಸಿಗುವುದು ಕಷ್ಟ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರು ಕುಡಿದು ಬೆಳೆಯುವ ಕಬ್ಬಿನ ಸೀಮೆಯಿದು. ಊರೊಳಗಿನ ಮನೆಯಾಗಲಿ, ಹೊಲದ ನಡುವಿನ ತೋಟದ ಮನೆಯಾಗಲಿ, ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ, ಒಂದು ಹುಂಜ, ಹೇಂಟೆಯ ಹಿಂದೆ ಓಡುವ ಮರಿಗಳು ಇದ್ದೇ ಇರುತ್ತವೆ. ಇವುಗಳ ಒಡತಿ ಹೆಚ್ಚಾಗಿ ಮನೆಯ ಹೆಣ್ಣುಮಗಳು. ಕಬ್ಬಿನ ಬಿಲ್ಲು ಗಂಡಸರ ಕೈಗೆ ಹೋಗುತ್ತದೆ. ಸಂತೆಯಲ್ಲಿ ತತ್ತಿ ಮಾರಿದ ದುಡ್ಡು ಅವಳ ಸೆರಗಿನ ಗಂಟು ಸೇರುತ್ತದೆ.

ಕೋಳಿಯ ವಿಷಯ ಪಶುವೈದ್ಯರದ್ದಲ್ಲವೇ, ಮನುಷ್ಯರ ಡಾಕ್ಟರಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ವರ್ಷ ತುಂಬಿದ ಮಗುವಿಗೆ ತಿಂಗಳಿಗೊಮ್ಮೆ ಭೇದಿ, ತೂಕ ಏರುತ್ತಿಲ್ಲ ಎಂದು ತಾಯಿ ಬಂದಾಗ ಔಷಧಿ ಬರೆಯುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಮಗು ಎಲ್ಲಿ ಆಡುತ್ತದೆ? ಕೋಳಿ ಎಲ್ಲಿ ಮಲಗುತ್ತದೆ?

"ರಾತ್ರಿ ಕೋಳಿ ಎಲ್ಲಿ ಮುಚ್ಚತೀಯವಾ ತಂಗಿ?"

"ಒಳಗ, ಹೊರಸಿನ ಬುಡಕರಿ ಸಾಹೇಬ್ರ. ಹೊರಗ ಬಿಟ್ರ ಕಾಡಬೆಕ್ಕು ಬಿಡತೈತೇನ್ರಿ?"

ಆಕೆಯ ಮಾತು ಸುಳ್ಳಲ್ಲ. ಕಾಡುಬೆಕ್ಕು, ನಾಯಿ, ಮುಂಗುಸಿ, ಕಳ್ಳರು ಎಲ್ಲರ ಕಣ್ಣೂ ಕೋಳಿಯ ಮೇಲೇ. ಆದರೆ ಹೊರಸಿನ ಕೆಳಗೆ ಬುಟ್ಟಿಯಲ್ಲಿ ಮುಚ್ಚಿಟ್ಟ ಕೋಳಿ ಅಲ್ಲಿಯೇ ಹಿಕ್ಕೆ ಹಾಕುತ್ತದೆ. ಬೆಳಿಗ್ಗೆ ಬುಟ್ಟಿ ಎತ್ತಿ, ನೆಲ ಗುಡಿಸಿ, ಒಂದು ಕೈ ಸಾರಿಸಿದ ಮೇಲೆ ಮಗು ಅದೇ ನೆಲದ ಮೇಲೆ ಅಂಬೆಗಾಲಿಡುತ್ತದೆ. ಅದೇ ಕೈ ಬಾಯಿಗೆ ಹೋಗುತ್ತದೆ.

ತತ್ತಿಯಲ್ಲಿ ಏನಿದೆ?

ಮೊದಲು ಕೋಳಿಯ ಉಪಕಾರ ಹೇಳಬೇಕು. ತತ್ತಿ, ಅಂದರೆ ಮೊಟ್ಟೆ, ಬೆಳೆಯುವ ಮಗುವಿಗೆ ಸಿಗಬಹುದಾದ ಉತ್ತಮ ಆಹಾರಗಳಲ್ಲಿ ಒಂದು. ಸಾಧಾರಣ ಗಾತ್ರದ ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಎ ಜೀವಸತ್ವ, ಬಿ12 ಜೀವಸತ್ವ, ಮಿದುಳಿನ ಬೆಳವಣಿಗೆಗೆ ಬೇಕಾದ ಕೋಲಿನ್ ಕೂಡ ಇವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರ ಊಟದಲ್ಲಿ, ಆನಂತರ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಸೇರಿಸಿದ್ದಕ್ಕೆ ಅಪೌಷ್ಟಿಕತೆಯೇ ಕಾರಣ.

ಆದರೆ ಹಿತ್ತಲಲ್ಲಿ ಕೋಳಿ ಇದ್ದ ಮಾತ್ರಕ್ಕೆ ಮಗುವಿನ ಹೊಟ್ಟೆಗೆ ತತ್ತಿ ಹೋಗುತ್ತದೆ ಎನ್ನುವಂತಿಲ್ಲ. ಜವಾರಿ ತತ್ತಿಗೆ ಸಂತೆಯಲ್ಲಿ ಒಳ್ಳೆಯ ಬೆಲೆಯಿದೆ. ಹೀಗಾಗಿ ತತ್ತಿ ಸಂತೆಗೆ ಹೋಗುತ್ತದೆ. ಅದೇ ದುಡ್ಡಿನಲ್ಲಿ ಮಗುವಿಗೆ ಬಿಸ್ಕಿಟ್ ಪುಡಿಕೆ ಬರುತ್ತದೆ. ಇದು ನಷ್ಟದ ವ್ಯಾಪಾರ. ದುಡ್ಡು ಬೇಕೇ ಬೇಕು ಎನ್ನುವವರಿಗೆ ಒಂದು ಉಪಾಯವಿದೆ. ಜವಾರಿ ತತ್ತಿ ಮಾರಿ, ಬಂದ ಹಣದಲ್ಲಿ ಮಗುವಿಗೆ ಫಾರಂ ತತ್ತಿ ತನ್ನಿ. ಕವಚದ ಬಣ್ಣ ಬಿಳಿಯೋ ಕಂದೋ ಎಂಬುದು ಕೋಳಿಯ ತಳಿಗೆ ಸಂಬಂಧಿಸಿದ್ದು. ಮಗುವಿನ ಬೆಳವಣಿಗೆಗೆ ಬೇಕಾದ ಪ್ರೋಟೀನ್ ಎರಡರಲ್ಲೂ ಇದೆ.

ಜವಾರಿ ಹೇಂಟೆ ವರ್ಷಕ್ಕೆ 50-60 ತತ್ತಿ ಇಟ್ಟರೆ ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ಕೋಳಿ 100ಕ್ಕೂ ಹೆಚ್ಚು ಇಡುತ್ತದೆ, ಆದರೆ ಅದು ಕಾವಿಗೆ ಕೂರುವುದಿಲ್ಲ. ಮರಿ ಮಾಡಿಸಲು 21 ದಿನ ಕಾವು ಕೊಡುವ ತಾಳ್ಮೆ ಇರುವುದು ಜವಾರಿ ಹೇಂಟೆಗೇ. ಎರಡನ್ನೂ ಸಾಕುವ ಮನೆಯವರು ಜಾಣರು.

ಆರು ತಿಂಗಳು ತುಂಬಿ ಮೇಲಿನ ಆಹಾರ ಆರಂಭಿಸಿದ ಮಗುವಿಗೆ ಚೆನ್ನಾಗಿ ಬೇಯಿಸಿದ ತತ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಮೈಮೇಲೆ ದದ್ದು, ವಾಂತಿ, ಉಸಿರಾಟದ ತೊಂದರೆ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ತತ್ತಿ ಉಷ್ಣ, ಬೇಸಿಗೆಯಲ್ಲಿ ಬೇಡ ಎನ್ನುವ ನಂಬಿಕೆಗೆ ಆಧಾರವಿಲ್ಲ. ಹಸಿ ತತ್ತಿ ಒಡೆದು ಕುಡಿದರೆ ಶಕ್ತಿ ಬರುತ್ತದೆ ಎಂದು ಗರಡಿಮನೆಯ ಹುಡುಗರು ನಂಬುತ್ತಾರೆ. ವಾಸ್ತವದಲ್ಲಿ ಬೇಯಿಸಿದ ತತ್ತಿಯ ಪ್ರೋಟೀನ್ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಹಸಿಯದರಲ್ಲಿ ರೋಗಾಣುವಿನ ಭಯ ಬೇರೆ. ಸಸ್ಯಾಹಾರಿ ಮನೆಗಳಲ್ಲಿ ಹಾಲು, ಮೊಸರು, ಬೇಳೆ, ಶೇಂಗಾ, ಮೊಳಕೆ ಕಾಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲವು.

ಹಿಕ್ಕೆಯಿಂದ ಬಾಯಿಗೆ

ಆರೋಗ್ಯವಾಗಿ ಕಾಣುವ ಕೋಳಿಯ ಕರುಳಿನಲ್ಲೂ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಕೋಳಿಗೆ ಇವುಗಳಿಂದ ತೊಂದರೆ ಕಡಿಮೆ. ಮನುಷ್ಯನ ಹೊಟ್ಟೆ ಸೇರಿದರೆ ಜ್ವರ, ಹೊಟ್ಟೆನೋವು, ಭೇದಿ, ಕೆಲವೊಮ್ಮೆ ರಕ್ತಭೇದಿ. ದೊಡ್ಡವರು ಸಾಮಾನ್ಯವಾಗಿ ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಸಣ್ಣ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಹೆಚ್ಚು ನರಳುತ್ತಾರೆ.

ಭೇದಿ ಎದ್ದು ಕಾಣುವ ಕಾಯಿಲೆ. ಕಾಣದ ಇನ್ನೊಂದು ಹಾನಿಯೂ ಇದೆ. ದಿನವೂ ಸ್ವಲ್ಪ ಸ್ವಲ್ಪ ಹೊಲಸು ಹೊಟ್ಟೆ ಸೇರುತ್ತಿದ್ದರೆ ಮಗುವಿನ ಕರುಳಿನ ಒಳಪದರ ಊದಿಕೊಂಡು ಸವೆಯುತ್ತದೆ, ತಿಂದ ಅನ್ನ ಮೈಗೆ ಹತ್ತುವುದಿಲ್ಲ ಎಂದು ತಜ್ಞರು ಹೇಳುತ್ತಾರೆ. ಆಫ್ರಿಕಾದ ಝಿಂಬಾಬ್ವೆಯ ಹಳ್ಳಿಗಳಲ್ಲಿ ಸಂಶೋಧಕರು ಗಂಟೆಗಟ್ಟಲೆ ಕುಳಿತು ಪುಟ್ಟ ಮಕ್ಕಳನ್ನು ಗಮನಿಸಿದಾಗ, ಮಕ್ಕಳು ಮಣ್ಣನ್ನಷ್ಟೇ ಅಲ್ಲ, ಕೋಳಿ ಹಿಕ್ಕೆಯನ್ನೂ ಬಾಯಿಗಿಡುವುದನ್ನು ಕಂಡರು. ನಮ್ಮ ಅಂಗಳದ ಮಕ್ಕಳು ಅದಕ್ಕಿಂತ ಬೇರೆಯಲ್ಲ.

ಇಥಿಯೋಪಿಯಾದಲ್ಲಿ ಸಾವಿರಾರು ಮಕ್ಕಳ ಮಾಹಿತಿ ಆಧರಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮಗೆ ಬಹಳ ಉಪಯುಕ್ತ. ಕೋಳಿ ಸಾಕಿದ ಮನೆಗಳ ಮಕ್ಕಳು ಸಾಮಾನ್ಯವಾಗಿ ಎತ್ತರದಲ್ಲಿ ಮುಂದಿದ್ದರು. ಆದರೆ ರಾತ್ರಿ ಕೋಳಿಗಳನ್ನು ಮಲಗುವ ಮನೆಯೊಳಗೇ ಇಟ್ಟುಕೊಳ್ಳುವ ಕುಟುಂಬಗಳಲ್ಲಿ ಮಕ್ಕಳ ಬೆಳವಣಿಗೆ ಹಿಂದುಳಿದಿತ್ತು. ಇದೊಂದೇ ಅಧ್ಯಯನದಿಂದ ಎಲ್ಲವೂ ಸಿದ್ಧವಾಯಿತು ಎನ್ನಲಾಗದು. ಆದರೂ ಅದು ಹೇಳುವ ಮಾತು ಬುದ್ಧಿಗೆ ಒಪ್ಪುವಂಥದ್ದು. ಕೋಳಿ ಸಾಕುವುದನ್ನು ಬಿಡಬೇಕಿಲ್ಲ, ಅದರ ಮಲಗುವ ಜಾಗವನ್ನು ಬದಲಿಸಿದರೆ ಸಾಕು.

ಗೂಡು ಹೇಗಿರಬೇಕು?

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಹಿತ್ತಲ ಗೋಡೆಗೆ ತಾಗಿದಂತೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ, ಹಳೆಯ ಹಲಗೆ ಇಲ್ಲವೇ ಬಿದಿರಿನಿಂದ ಗೂಡು ಕಟ್ಟಬಹುದು. ಮೇಲೆ ತಗಡು, ಗಾಳಿಯಾಡುವ ಕಡೆಗೆ ಸಣ್ಣ ಕಣ್ಣಿನ ಜಾಳಿಗೆ, ಭದ್ರವಾದ ಅಗುಳಿ ಇದ್ದರೆ ಬೆಕ್ಕಿನ ಭಯವಿಲ್ಲ. ಗೂಡಿನ ಕೆಳಗೆ ಬೂದಿ ಹರಡಿದರೆ ಹಿಕ್ಕೆ ಬಳಿಯಲು ಸುಲಭ. ಬಳಿದದ್ದನ್ನು ತಿಪ್ಪೆಗೆ ಹಾಕಿ ಕೊಳೆಯಲು ಬಿಟ್ಟರೆ ಒಳ್ಳೆಯ ಗೊಬ್ಬರವಾಗುತ್ತದೆ. ಹಸಿ ಹಿಕ್ಕೆಯನ್ನು ನೇರವಾಗಿ ಕೊತ್ತಂಬರಿ, ಮೆಂತೆ, ಮೂಲಂಗಿಯ ಮಡಿಗೆ ಹಾಕಬೇಡಿ; ಅವನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ.

ಹಗಲು ಹೊತ್ತಿನಲ್ಲಿ ಕೋಳಿ ಅಡಿಗೆಮನೆ, ಪಡಸಾಲೆಗೆ ಬಾರದಂತೆ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಇಡಿ. ಅಂಬೆಗಾಲಿಡುವ ಮಗುವಿಗೆ ಒಂದು ಚಾಪೆ ಮೀಸಲಿಡಿ. ಆ ಚಾಪೆಯ ಮೇಲೆ ಕೋಳಿಗೂ ಚಪ್ಪಲಿಗೂ ಜಾಗವಿಲ್ಲ. ಗೂಡು ಬಳಿದ ಮೇಲೆ, ತತ್ತಿ ಎತ್ತಿದ ಮೇಲೆ, ಮಗುವಿಗೆ ಉಣಿಸುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಬರಿ ನೀರು ಸಾಲದು.

ಕತ್ತಲಲ್ಲಿ ಗೂಡಿಗೆ ಕೈ ಹಾಕಬೇಡಿ. ಕಾಳಿಗೆ ಇಲಿ ಬರುತ್ತದೆ. ಇಲಿಗೂ ತತ್ತಿಗೂ ಮರಿಗೂ ಹಾವು ಬರುತ್ತದೆ. ಕಬ್ಬಿನ ಹೊಲದ ಪಕ್ಕದ ಮನೆಗಳಲ್ಲಿ ಈ ಅಪಾಯ ಹೆಚ್ಚು. ಬ್ಯಾಟರಿ ಬಿಟ್ಟು ನೋಡಿ, ಕೋಲಿನಿಂದ ತಟ್ಟಿ, ಆಮೇಲೆ ತತ್ತಿ ತೆಗೆಯಿರಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ 108 ವಾಹನದಲ್ಲಿ ವಿಷಹರ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆದೇಶಿಸಿದೆ. ಸಮಸ್ಯೆ ಅಷ್ಟು ದೊಡ್ಡದು.

ಕೋಳಿ ಸತ್ತಾಗ

ಹಳ್ಳಿಯ ಕೋಳಿಗಳಿಗೆ ದೊಡ್ಡ ಶತ್ರು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ಕತ್ತು ತಿರುಚುವುದು, ರೆಕ್ಕೆ ಜೋತು ಬೀಳುವುದು ಅದರ ಲಕ್ಷಣ. ಒಮ್ಮೆ ಹೊಕ್ಕರೆ ಓಣಿಯೇ ಖಾಲಿಯಾಗುತ್ತದೆ. ಮನುಷ್ಯರಿಗೆ ಇದರಿಂದ ಹೆಚ್ಚೆಂದರೆ ಕೆಲವು ದಿನ ಕಣ್ಣು ಕೆಂಪಾಗಬಹುದು. ಇದಕ್ಕೆ ಲಸಿಕೆ ಇದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಓಣಿಯವರೆಲ್ಲ ಒಂದೇ ದಿನ ಕೋಳಿಗಳಿಗೆ ಹಾಕಿಸಿದರೆ ಪ್ರಯೋಜನ ಹೆಚ್ಚು. ಒಂದು ಮನೆಯ ಲಸಿಕೆ ಪಕ್ಕದ ಮನೆಯ ಕೋಳಿಯನ್ನು ಕಾಯುವುದಿಲ್ಲ.

ಹಕ್ಕಿಜ್ವರದ ಮಾತು ಬೇರೆ. ನಮ್ಮ ದೇಶದಲ್ಲಿ ಅದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿತು. 2025ರ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕೋಳಿಗಳು ಸತ್ತು ಸುದ್ದಿಯಾಯಿತು. ಮನುಷ್ಯರಿಗೆ ಇದು ತಗಲುವುದು ವಿರಳ, ಆದರೆ ತಗಲಿದರೆ ಪ್ರಾಣಾಪಾಯ. 2021ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮೃತಪಟ್ಟ ಬಾಲಕನದು ದೇಶದ ಮೊದಲ ಸಾವು.

ಕಣ್ಣಿಗೆ ನೋಡಿ ಇದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಹೇಳಲು ಬರುವುದಿಲ್ಲ. ಆದ್ದರಿಂದ ನಿಯಮ ಒಂದೇ. ಕೋಳಿಗಳು ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ. 1962 ಸಹಾಯವಾಣಿಗೂ ಕರೆ ಮಾಡಬಹುದು. ಸಾಯುವ ಮೊದಲು ಕೊಯ್ದು ತಿಂದುಬಿಡೋಣ, ಇಲ್ಲವೇ ಅಗ್ಗಕ್ಕೆ ಮಾರಿಬಿಡೋಣ ಎಂಬ ಲೆಕ್ಕಾಚಾರ ಬೇಡ. ಪುಕ್ಕ ಕೀಳುವಾಗ, ಕರುಳು ತೆಗೆಯುವಾಗಲೇ ರೋಗಾಣು ಕೈ, ಮೂಗು ಸೇರುವ ಸಂಭವ ಹೆಚ್ಚು. ಸತ್ತ ಕೋಳಿಯನ್ನು ಕಾಲುವೆಗೆ, ಹಳ್ಳಕ್ಕೆ ಎಸೆಯಬೇಡಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿದ್ದನ್ನು ಕಂಡವರಿಗೆ, ಒಬ್ಬರ ಹೊಲಸು ಇನ್ನೊಬ್ಬರ ಬಾಗಿಲಿಗೆ ಹೇಗೆ ಬರುತ್ತದೆ ಎಂದು ಹೇಳಬೇಕಾಗಿಲ್ಲ. ಪಶುವೈದ್ಯರು ಹೇಳಿದಂತೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿರಿ. ಹೂಳುವಾಗ ಕೈಗೆ ಪ್ಲಾಸ್ಟಿಕ್ ಚೀಲ, ಬಾಯಿಗೆ ಬಟ್ಟೆ ಇರಲಿ.

ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ ಪುಡಿ ಮಾಡಿ ಕೋಳಿಯ ನೀರಿಗೆ ಹಾಕುವವರೂ ಇದ್ದಾರೆ. ರಾಣಿಖೇತ್, ಹಕ್ಕಿಜ್ವರ ಎರಡೂ ವೈರಸ್‌ನಿಂದ ಬರುವ ರೋಗಗಳು. ಪ್ರತಿಜೀವಕ ಔಷಧಿಗಳು ಅವಕ್ಕೆ ನಾಟುವುದಿಲ್ಲ. ಇಂಥ ಅಭ್ಯಾಸದಿಂದ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟಿ, ನಾಳೆ ನಮ್ಮ ಮಕ್ಕಳ ಜ್ವರಕ್ಕೇ ಔಷಧಿ ಇಲ್ಲದಂತಾದೀತು.

ನೆರೆಮನೆಯ ಅಂಗಳ

ಕೋಳಿಗೆ ಗಡಿ ಗೊತ್ತಿಲ್ಲ. ಪಕ್ಕದ ಮನೆಯ ತುಳಸಿ ಕಟ್ಟೆ ಕೆದರುತ್ತದೆ, ಬಿಸಿಲಿಗೆ ಹಾಕಿದ ಜೋಳ ತಿನ್ನುತ್ತದೆ, ಕಟ್ಟೆಯ ಮೇಲೆ ಹಿಕ್ಕೆ ಹಾಕುತ್ತದೆ. ಕೋಳಿ ಸಾಕದ, ತಿನ್ನದ ಮನೆಯವರಿಗೆ ಇದು ದಿನನಿತ್ಯದ ಕಿರಿಕಿರಿ. "ನಿಮ್ಮ ಕೋಳಿ ಕಟ್ಟಿಕೊಳ್ರಿ ವೈನಿ" ಎಂದು ಶುರುವಾದ ಮಾತು ಎರಡು ಮನೆಗಳ ನಡುವಿನ ಬಳಕೆಯನ್ನೇ ನಿಲ್ಲಿಸಿದ್ದುಂಟು. ಪಕ್ಕದ ಮನೆಯಲ್ಲೂ ಅಂಬೆಗಾಲಿಡುವ ಮಗುವಿರಬಹುದು, ದಮ್ಮಿನ ರೋಗಿ ಇರಬಹುದು. ಒಣಗಿದ ಹಿಕ್ಕೆಯ ಧೂಳು ದಮ್ಮು ಕೆರಳಿಸುತ್ತದೆ. ಗೂಡನ್ನು ಅವರ ಕಿಟಕಿ, ಬಾವಿ, ಬೋರ್‌ವೆಲ್‌ಗಳಿಂದ ದೂರ ಕಟ್ಟಿ. ಮುಂಜಾನೆ ಕಾಳನ್ನು ನಿಮ್ಮ ಹಿತ್ತಲಲ್ಲೇ ಹಾಕಿದರೆ ಕೋಳಿಯ ಅಲೆದಾಟ ಕಡಿಮೆಯಾಗುತ್ತದೆ. ಅಂಗಳ ಹೊಲಸಾದರೆ ನೀವೇ ಹೋಗಿ ಬಳಿದು ಬನ್ನಿ. ಜಗಳಕ್ಕಿಂತ ಪೊರಕೆ ಅಗ್ಗ.

ಭೇದಿ ಶುರುವಾದರೆ

ಇಷ್ಟೆಲ್ಲ ಎಚ್ಚರದ ನಡುವೆಯೂ ಮಗುವಿಗೆ ಭೇದಿಯಾದರೆ ಗಾಬರಿ ಬೇಡ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಕಲಸಿ ಚಮಚೆಯಲ್ಲಿ ಆಗಾಗ ಕುಡಿಸಿ. ಎದೆಹಾಲು, ಮೆತ್ತನೆಯ ಊಟ ನಿಲ್ಲಿಸಬೇಡಿ. ಜೊತೆಗೆ 14 ದಿನ ಜಿಂಕ್ ಮಾತ್ರೆ ಕೊಡಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ. ಇವೆರಡೂ ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತವೆ. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಕೊಡಬೇಡಿ. ಮಲದಲ್ಲಿ ರಕ್ತ, ಬಿಡದ ಜ್ವರ, ಗುಳಿಬಿದ್ದ ಕಣ್ಣು, ಮೂತ್ರ ನಿಂತಿರುವುದು, ಮಂಕು ಕವಿದಂತೆ ಮಲಗಿರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಬನ್ನಿ.

ಕೋಳಿ ಸಾಕುವ ಪ್ರತಿ ಮನೆಯವರೂ ಈ ವಾರ ಎರಡು ಕೆಲಸ ಮಾಡಲಿ. ರಾತ್ರಿಯ ಬುಟ್ಟಿಯನ್ನು ಹೊರಸಿನ ಬುಡದಿಂದ ಹಿತ್ತಲ ಗೂಡಿಗೆ ಸಾಗಿಸಲಿ. ಸಂತೆಯ ಬುಟ್ಟಿಗೆ ತತ್ತಿ ಎಣಿಸುವ ಮೊದಲು ಮನೆಯ ಮಗುವಿನ ಪಾಲು ತೆಗೆದಿಡಲಿ. ಕೋಳಿ ಸಾಕಿದ್ದರ ಫಲ ಮಗುವಿನ ಮೈಯಲ್ಲಿ ಕಾಣಬೇಕಾದರೆ ಇಷ್ಟು ಆಗಲೇಬೇಕು.